ನೀಲಿ ಪುಸ್ತಕ ಕೈಗೆ ಬರುವವರೆಗೆ

ಕಳೆದ ವಾರ ನನ್ನ ಪಾಸ್‌ಪೋರ್ಟಿನಲ್ಲಿ ಒಂದು ವರ್ಷದ ವೀಸಾ ಮುದ್ರೆ ಬಿತ್ತು. ಅಲ್ಲಿಗೆ ಹತ್ತು ತಿಂಗಳ ಓಡಾಟ ಮುಗಿಯಿತು. ಥಾಯ್ಲೆಂಡ್‌ನ ಅಂಗ್ ಥಾಂಗ್ ಅನ್ನೋ ಊರಿನ ಖಾಸಗಿ ಶಾಲೆಯೊಂದರಲ್ಲಿ ನಾನೀಗ ಇಂಗ್ಲಿಷ್ ಟೀಚರ್. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ನಮ್ಮ ದಾವಣಗೆರೆ, ಹರಿಹರದ ಕಡೆಯಿಂದ ಗಂಡನ ಕೆಲಸಕ್ಕೆ ಅಂತ ಹೊರದೇಶಕ್ಕೆ ಬಂದು, ಓದಿದ್ದರೂ ಮನೆಯಲ್ಲೇ ಕೂತ ಹೆಣ್ಣುಮಕ್ಕಳು ಸುಮಾರು ಜನ ಇದ್ದಾರೆ. ನಾನು ಸುಮ್ನೆ ಕಳೆದುಕೊಂಡ ಎರಡು ತಿಂಗಳು ಅವರಲ್ಲಿ ಒಬ್ಬರಿಗಾದರೂ ಉಳಿಯಲಿ ಅಂತ ನನ್ನ ಆಸೆ.

ಮೊದಲು ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ನನ್ನ ತವರು ದಾವಣಗೆರೆಯ ವಿನೋಬನಗರ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. 2008ರಲ್ಲಿ ಎ.ವಿ.ಕೆ. ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ, ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡು. ಆಮೇಲೆ ಊರಿನಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದೆ. ಮದುವೆಯಾಗಿ ಹರಿಹರಕ್ಕೆ ಹೋದೆ. ನಮ್ಮ ಯಜಮಾನರು ಹೊಳೆಯಾಚೆ ಕುಮಾರಪಟ್ಟಣದ ನಾರಿನ ಕಾರ್ಖಾನೆಯಲ್ಲಿದ್ದರು. 2019ರಲ್ಲಿ ಅವರಿಗೆ ಇಲ್ಲಿ ಕೆಲಸ ಸಿಕ್ಕಿತು. ಅಂಗ್ ಥಾಂಗ್‌ನಲ್ಲೂ ರೇಯಾನ್ ನಾರಿನ ಕಾರ್ಖಾನೆ ಇದೆ. ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್, ಚಾವ್ ಫ್ರಯಾ ನದಿ ದಂಡೆಯ ಸಣ್ಣ ಊರು. ಸುತ್ತ ಭತ್ತದ ಗದ್ದೆ. ಮೊದಲ ಸಲ ನೋಡಿದಾಗ ಭದ್ರಾ ನಾಲೆಯ ಬಯಲು ನೆನಪಾಗಿತ್ತು.

ಐದು ವರ್ಷ ಮನೆ, ಮಗ, ಅಡುಗೆ ಅಂತ ಕಳೆಯಿತು. 2024ರ ಅಕ್ಟೋಬರ್‌ನಲ್ಲಿ ಪಕ್ಕದ ಮನೆಯವರು ಅವರ ಮಗಳಿಗೆ ಇಂಗ್ಲಿಷ್ ಹೇಳಿಕೊಡ್ತೀರಾ ಅಂತ ಕೇಳಿದರು. ಗಂಟೆಗೆ ಇಷ್ಟು ಅಂತ ದುಡ್ಡನ್ನೂ ಹೇಳಿದರು. ನನಗೆ ತುಂಬಾ ಖುಷಿಯಾಯಿತು. ರಾತ್ರಿ ಯಜಮಾನರಿಗೆ ಹೇಳಿದರೆ ಅವರು ಗಾಬರಿಯಾದರು. ಗಂಡನ ಜೊತೆಗಿರಲು ಕೊಡುವ ವೀಸಾಕ್ಕೆ ಇಲ್ಲಿ ನಾನ್-ಓ ಅನ್ನುತ್ತಾರೆ. ಅದರ ಮೇಲೆ ದುಡ್ಡಿಗೆ ಕೆಲಸ ಮಾಡುವ ಹಾಗಿಲ್ಲ. ಮನೆಪಾಠವೂ ಕೆಲಸವೇ. ವರ್ಕ್ ಪರ್ಮಿಟ್ ಇಲ್ಲದೆ ದುಡಿದು ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್‌ವರೆಗೆ ದಂಡ, ಮೇಲೆ ದೇಶದಿಂದ ಹೊರಗೆ. ನಾನೊಬ್ಬಳು ಮಾಡಿದ ತಪ್ಪಿಗೆ ಇಡೀ ಸಂಸಾರ ಗಂಟು ಕಟ್ಟಬೇಕಾಗುತ್ತದೆ. ಮಾಡೋದಾದರೆ ಸರಿಯಾಗಿಯೇ ಮಾಡೋಣ ಅಂತ ಆ ರಾತ್ರಿ ನಿರ್ಧಾರ ಮಾಡಿದೆವು.

ಸರಿಯಾಗಿ ಮಾಡೋದು ಅಂದರೆ ಏನು? ಥಾಯ್ಲೆಂಡ್‌ನಲ್ಲಿ ಶಾಲೆಯ ಟೀಚರ್ ಆಗಲು ಯಾವುದಾದರೂ ವಿಷಯದಲ್ಲಿ ಡಿಗ್ರಿ ಬೇಕು. ನಮ್ಮ ಹಾಗೆ ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶದವರು ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ತೋರಿಸಬೇಕು. ಟೋಯಿಕ್ ಪರೀಕ್ಷೆಯಾದರೆ 990ಕ್ಕೆ 600. ಪೊಲೀಸ್ ಕ್ಲಿಯರೆನ್ಸ್, ಅಂದರೆ ನಮ್ಮ ಮೇಲೆ ಕೇಸು ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ಶಾಲೆಯವರು ಕೆಲಸ ಕೊಟ್ಟ ಮೇಲೆ, ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಬಿ ವೀಸಾ, ಆಮೇಲೆ ವರ್ಕ್ ಪರ್ಮಿಟ್, ಕುರುಸಪಾ ಅಂದರೆ ಇಲ್ಲಿನ ಶಿಕ್ಷಕರ ಮಂಡಳಿಯ ಅನುಮತಿ. ಕೊನೆಗೆ 90 ದಿನದ ವೀಸಾವನ್ನು ಒಂದು ವರ್ಷಕ್ಕೆ ಹಿಗ್ಗಿಸಿಕೊಳ್ಳೋದು. ಹೀಗೆ ಬರೆದರೆ ನಾಲ್ಕು ಸಾಲು. ನನಗೆ ಹಿಡಿದಿದ್ದು ಹತ್ತು ತಿಂಗಳು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 120 ಗಂಟೆಯ ಟೆಫಲ್ ಕೋರ್ಸ್, ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅನ್ನೋ ತರಬೇತಿ, ಆನ್‌ಲೈನ್‌ನಲ್ಲಿ ಮಾಡಿದೆ. ಮಗ ಶಾಲೆಗೆ ಹೋದ ಮೇಲೆ ದಿನಕ್ಕೆ ಎರಡು ಗಂಟೆ. ಬರೀ ಸರ್ಟಿಫಿಕೇಟಿಗೆ ಅಂತ ಶುರು ಮಾಡಿದ್ದು, ಆದರೆ ಉಪಯೋಗಕ್ಕೆ ಬಂತು. ನಾವು ಊರಲ್ಲಿ ಕನ್ನಡದಲ್ಲಿ ಅರ್ಥ ಹೇಳಿ ಇಂಗ್ಲಿಷ್ ಕಲಿಸುತ್ತಿದ್ದೆವು. ಮಕ್ಕಳ ಭಾಷೆ ನನಗೆ ಬರೋದಿಲ್ಲ ಅಂದಾಗ ಕೈ, ಮುಖ, ಚಿತ್ರ, ವಸ್ತು ಇವುಗಳಲ್ಲೇ ಹೇಗೆ ಅರ್ಥ ಮಾಡಿಸೋದು ಅನ್ನೋದನ್ನು ಅಲ್ಲಿ ಕಲಿತೆ.

ಜನವರಿಯಲ್ಲಿ ಬ್ಯಾಂಕಾಕ್‌ಗೆ ಹೋಗಿ ಟೋಯಿಕ್ ಬರೆದೆ. ಎರಡು ಗಂಟೆ, 200 ಪ್ರಶ್ನೆ. ಅರ್ಧ ಕೇಳಿಸಿಕೊಂಡು ಉತ್ತರಿಸೋದು, ಅರ್ಧ ಓದಿ ಉತ್ತರಿಸೋದು. ಕೇಳಿಸುವ ಭಾಗದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದವರ ಉಚ್ಚಾರಣೆ ಬೆರೆಸಿ ಕೊಡುತ್ತಾರೆ. ಒಂದೇ ಸಲ ಕೇಳಿಸೋದು, ಮತ್ತೆ ಹಾಕೋದಿಲ್ಲ. ನನಗೆ ಓದುವ ಭಾಗದಲ್ಲಿ ಸಮಯ ಸಾಲಲಿಲ್ಲ. 75 ನಿಮಿಷಕ್ಕೆ 100 ಪ್ರಶ್ನೆ, ಕೊನೆಯ ಉದ್ದುದ್ದ ಪತ್ರಗಳನ್ನು ಓದುವಷ್ಟರಲ್ಲಿ ಗಂಟೆ ಹೊಡೆಯಿತು. ಹೋಗುವ ಮುಂಚೆ ಗಡಿಯಾರ ಇಟ್ಟುಕೊಂಡು ಎರಡು ಮೂರು ಸಲ ಮನೆಯಲ್ಲಿ ಬರೆದು ನೋಡಿ. 815 ಬಂತು. ಈ ಅಂಕ ಎರಡು ವರ್ಷ ನಡೆಯುತ್ತದೆ.

ಆಮೇಲೆ ಅರ್ಜಿ ಹಾಕೋ ಕೆಲಸ. ಇದೇ ಮನಸ್ಸಿಗೆ ಹೆಚ್ಚು ನೋವು ಕೊಟ್ಟಿದ್ದು. ಎಷ್ಟೋ ಜಾಹೀರಾತುಗಳಲ್ಲಿ ಇಂಗ್ಲಿಷ್ ಮಾತೃಭಾಷೆಯವರೇ ಬೇಕು ಅಂತ ಬರೆದಿರುತ್ತದೆ. ಮುಖ ಕಾಣುವ ಫೋಟೋ ಕಡ್ಡಾಯ. ಒಂದು ಶಾಲೆಯವರು ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿ, ಯಾವ ದೇಶ ಅಂತ ಕೇಳಿದ ಮೇಲೆ, ನಮ್ಮ ಪೋಷಕರು ಬಿಳಿಯರನ್ನೇ ಕೇಳುತ್ತಾರೆ ಅಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಇನ್ನೊಬ್ಬ ಏಜೆಂಟ್ ಬೇರೆ ಮಾತು ಹೇಳಿದ. ನಾಳೆಯಿಂದಲೇ ಬನ್ನಿ, ಕಾಗದ ಆಮೇಲೆ ನೋಡಿಕೊಳ್ಳೋಣ ಅಂದ. ದಯವಿಟ್ಟು ಈ ಮಾತಿಗೆ ಒಪ್ಪಬೇಡಿ. ಸಿಕ್ಕಿಬಿದ್ದಾಗ ದಂಡ ಕಟ್ಟುವವರು ನೀವೇ, ಅವನಲ್ಲ.

ಹದಿನೆಂಟನೇ ಅರ್ಜಿಗೆ ನಾವಿರುವ ಅಂಗ್ ಥಾಂಗ್‌ನ ಶಾಲೆಯೇ ಕರೆಯಿತು. ಅಲ್ಲಿನ ಒಬ್ಬ ಟೀಚರ್ ಮಾರ್ಚ್ ಕೊನೆಗೆ ಬಿಡುವವರಿದ್ದರು. ಇಲ್ಲಿ ಶಾಲೆ ಮೇ ನಡುವೆ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ಎರಡನೇ ಅವಧಿ ನವೆಂಬರ್‌ಗೆ. ಆದ್ದರಿಂದ ಕೆಲಸ ಹುಡುಕಲು ಫೆಬ್ರವರಿಯಿಂದ ಏಪ್ರಿಲ್, ಇಲ್ಲವೇ ಅಕ್ಟೋಬರ್ ಒಳ್ಳೆಯ ಕಾಲ. ಮೂರನೇ ತರಗತಿಗೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಿ ಅಂದರು. ಇಲ್ಲಿ ಪ್ರೈಮರಿಗೆ ಪ್ರಥಮ್ ಅನ್ನುತ್ತಾರೆ, ಹೈಸ್ಕೂಲಿಗೆ ಮತ್ಥಯೋಮ್. ನಮ್ಮ ಪ್ರಥಮ, ಮಧ್ಯಮವೇ ಅವು. ಟೀಚರಿಗೆ ಕ್ರೂ, ಅಂದರೆ ಗುರು. ಆ ಪದ ಕೇಳಿದ ಮೇಲೆ ಅರ್ಧ ಭಯ ಹೋಯಿತು. ಚೀಲದಲ್ಲಿ ಬದನೆಕಾಯಿ, ಟೊಮೆಟೊ, ಈರುಳ್ಳಿ ಒಯ್ದಿದ್ದೆ. ಸಂತೆ ಆಟ ಆಡಿಸಿದೆ. ಕೊಳ್ಳುವವರು, ಮಾರುವವರು, ಎಷ್ಟು, ಜಾಸ್ತಿಯಾಯ್ತು, ಕಡಿಮೆ ಮಾಡಿ. ಮಕ್ಕಳು ಚೌಕಾಸಿ ಮಾಡುತ್ತಾ ಗಲಾಟೆ ಎಬ್ಬಿಸಿದವು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಮಾರ್ಚ್ ಮೊದಲ ವಾರ ಕೆಲಸ ಖಾತ್ರಿಯಾಯಿತು. ಸಂಬಳ 23,000 ಬಾತ್. ಆಗ ಒಂದು ಬಾತ್‌ಗೆ ಸುಮಾರು ಎರಡೂವರೆ ರೂಪಾಯಿ ಇತ್ತು. ಬಿಳಿಯರಿಗೆ ಇದಕ್ಕಿಂತ ಜಾಸ್ತಿ ಕೊಡುತ್ತಾರೆ, ಅದು ನನಗೆ ಗೊತ್ತಿದ್ದೂ ಒಪ್ಪಿಕೊಂಡೆ. ಶಾಲೆಯವರು ಒಂದು ಪಟ್ಟಿ ಕೊಟ್ಟರು. ಅದರ ಮೊದಲ ಸಾಲೇ ನನ್ನನ್ನು ದಾವಣಗೆರೆಗೆ ಓಡಿಸಿತು. ಡಿಗ್ರಿ ಸರ್ಟಿಫಿಕೇಟಿನ ಅಸಲು ಪ್ರತಿ.

ನನ್ನ ಹತ್ತಿರ ಅದು ಇರಲೇ ಇಲ್ಲ. ಮಾರ್ಕ್ಸ್ ಕಾರ್ಡ್‌ಗಳಿದ್ದವು. ಪ್ರೊವಿಷನಲ್ ಸರ್ಟಿಫಿಕೇಟ್ ಇತ್ತು. ಘಟಿಕೋತ್ಸವಕ್ಕೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಊರಲ್ಲಿ ಕೆಲಸಕ್ಕೆ ಮಾರ್ಕ್ಸ್ ಕಾರ್ಡ್ ಸಾಕಿತ್ತು, 17 ವರ್ಷ ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಹೀಗೆ ಬಿಟ್ಟವರು ಬಹಳ ಜನ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ, ಇದನ್ನು ಓದಿ ಮುಗಿಸಿದ ಮೇಲೆ ಮೊದಲು ಆ ಅರ್ಜಿ ಹಾಕಿ.

ಮಾರ್ಚ್ 15ಕ್ಕೆ ಮಗನನ್ನು ಕರೆದುಕೊಂಡು ಹೊರಟೆ. ಹೊರಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಇಲ್ಲಿಂದ ಹೊರಗೆ ಹೋಗುವಾಗ ರೀ-ಎಂಟ್ರಿ ಪರ್ಮಿಟ್ ಮಾಡಿಸದಿದ್ದರೆ ಇರುವ ವೀಸಾ ಅಲ್ಲಿಗೇ ಮುಗಿದಂತೆ. ನನಗೆ ಹೇಗೂ ಹೊಸ ವೀಸಾ ಬೇಕಿತ್ತು, ಆದ್ದರಿಂದ ನನ್ನದು ಮಾಡಿಸಲಿಲ್ಲ. ಮಗನಿಗೆ 1,000 ಬಾತ್ ಕಟ್ಟಿ ಮಾಡಿಸಿದೆ. ಗಡಿಬಿಡಿಯಲ್ಲಿ ಇದನ್ನು ಮರೆತರೆ ಮಗುವಿನ ವೀಸಾವೂ ಮೊದಲಿನಿಂದ ಶುರು.

ಮನೆ ತಲುಪಿದ ದಿನವೇ ಅಪ್ಪ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದರು. ಮಿಲ್ಲಿನ ಗ್ರಾಚ್ಯುಟಿ ಕಾಗದ, ಮನೆ ಕಂದಾಯದ ರಸೀದಿಗಳ ನಡುವೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನವೂ ಇದ್ದವು. “ಇದ್ರಾಗೆ ಐತೇನ್ ನೋಡವ್ವ” ಅಂತ ಒಂದೊಂದೇ ತೆಗೆದು ಕೊಟ್ಟರು. ಕಾಲೇಜಿನ ಗುರುತಿನ ಚೀಟಿ, ಹಾಲ್ ಟಿಕೆಟ್ ಕೂಡ ಇಟ್ಟಿದ್ದರು. ಡಿಗ್ರಿ ಸರ್ಟಿಫಿಕೇಟ್ ಇರಲಿಲ್ಲ. ಇಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಪೆಟ್ಟಿಗೆಯ ತಳ ಕಂಡಾಗ ಎದೆ ಧಸಕ್ಕೆಂದಿತು.

ಮಾರನೇ ದಿನ ಆಟೋ ಹತ್ತಿ ತೋಳಹುಣಸೆಗೆ ಹೋದೆ. ದಾವಣಗೆರೆ ವಿಶ್ವವಿದ್ಯಾಲಯ ಅಲ್ಲೇ ಇರೋದಲ್ವಾ, ನಮ್ಮ ಕಾಲೇಜೂ ಅದಕ್ಕೇ ಸೇರಿದ್ದಲ್ವಾ ಅನ್ನೋದು ನನ್ನ ಲೆಕ್ಕ. ಅಲ್ಲಿದ್ದವರು ಮಾರ್ಕ್ಸ್ ಕಾರ್ಡ್ ನೋಡಿ, ಮೇಡಂ, ನಿಮ್ಮದು 2008, ಈ ವಿಶ್ವವಿದ್ಯಾಲಯ ಶುರುವಾಗಿದ್ದೇ 2009ರಲ್ಲಿ, ನೀವು ಶಂಕರಘಟ್ಟಕ್ಕೆ ಹೋಗಬೇಕು ಅಂದರು. ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಕುವೆಂಪು ವಿಶ್ವವಿದ್ಯಾಲಯ ಅಂತ ದೊಡ್ಡದಾಗಿಯೇ ಇತ್ತು. ನಾನು ಸರಿಯಾಗಿ ನೋಡಿರಲಿಲ್ಲ. ಅದಕ್ಕೂ ಹಿಂದೆ, ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗುವ ಮುಂಚೆ ಓದಿದವರಾದರೆ ಮೈಸೂರಿಗೆ ಹೋಗಬೇಕು. ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಹೆಸರಿದೆಯೋ ಅಲ್ಲಿಗೇ ಹೋಗಿ.

ಶಂಕರಘಟ್ಟಕ್ಕೆ ಅಪ್ಪನೂ ಬಂದರು. ಎಪ್ಪತ್ತೆರಡು ವರ್ಷ, ಬೇಡ ಅಂದರೂ ಕೇಳಲಿಲ್ಲ. ಚನ್ನಗಿರಿ ಮೇಲೆ ಭದ್ರಾವತಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದ ಅಡಿಕೆ ತೋಟ. ಕೌಂಟರಿನಲ್ಲಿ ಅರ್ಜಿ, ಎಲ್ಲ ಸೆಮಿಸ್ಟರ್ ಮತ್ತು ವರ್ಷದ ಮಾರ್ಕ್ಸ್ ಕಾರ್ಡ್‌ಗಳ ಜೆರಾಕ್ಸ್, ಪ್ರೊವಿಷನಲ್, ಫೋಟೋ, ಶುಲ್ಕ ಕಟ್ಟಿದ ಚಲನ್ ಕೇಳಿದರು. ಅಲ್ಲಿದ್ದ ಅಕ್ಕ ಒಬ್ಬರು ಪ್ರತಿ ಕಾಗದವನ್ನೂ ತಾಳೆ ನೋಡಿ, ಎಲ್ಲಿ ಸಹಿ ಬೇಕು ಅಂತ ಬೆರಳಿಟ್ಟು ತೋರಿಸಿದರು. ಮೂರು ವಾರದೊಳಗೆ ಬರುತ್ತದೆ ಅಂದರು, ಹತ್ತೊಂಬತ್ತನೇ ದಿನ ಬಂತು. ಅಸಲುಗಳನ್ನೂ ಎರಡೆರಡು ಜೆರಾಕ್ಸ್‌ಗಳನ್ನೂ ಒಯ್ದಿದ್ದರಿಂದ ಒಂದೇ ಓಡಾಟದಲ್ಲಿ ಮುಗಿಯಿತು. ಹಿಂದೆ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಚಲನ್ ಮಾತ್ರ ಕೈಯಲ್ಲಿ ಹಾಗೇ ಹಿಡಿದಿದ್ದರು.

ಸರ್ಟಿಫಿಕೇಟ್ ಬರುವಷ್ಟರಲ್ಲಿ ಪೊಲೀಸ್ ಕ್ಲಿಯರೆನ್ಸ್ ಮುಗಿಸೋಣ ಅಂತ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ ಹಾಕಿದೆ. ಶುಲ್ಕ 500 ರೂಪಾಯಿ. ಯಾವ ದೇಶಕ್ಕೆ ಅಂತ ಕೇಳುತ್ತಾರೆ, ಸರ್ಟಿಫಿಕೇಟಿನಲ್ಲಿ ಅದೇ ದೇಶದ ಹೆಸರು ಬರುತ್ತದೆ. ಹುಬ್ಬಳ್ಳಿಗೆ ಹೋಗಿ ಕಾಗದ ತೋರಿಸಿ ಬಂದೆ. ಪಾಸ್‌ಪೋರ್ಟಿನಲ್ಲಿ ಇರೋದು ಹರಿಹರದ ಅತ್ತೆ ಮನೆಯ ವಿಳಾಸ. ನಾನು ಇದ್ದಿದ್ದು ದಾವಣಗೆರೆಯಲ್ಲಿ. ಪೊಲೀಸರು ವಿಚಾರಣೆಗೆ ಹರಿಹರದ ಮನೆಗೆ ಬಂದರು. ಸೊಸೆ ಎಲ್ಲಿ ಅಂತ ಕೇಳಿದ್ದಕ್ಕೆ ನಮ್ಮ ಅತ್ತೆ, “ಅವಳು ಥಾಯ್ಲೆಂಡ್‌ನಾಗೆ ಇರ್ತಾಳಪ್ಪ, ಆರು ವರ್ಷ ಆತು” ಅಂದುಬಿಟ್ಟರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಜಿದಾರರು ಈ ವಿಳಾಸದಲ್ಲಿ ಇಲ್ಲ ಅಂತ ವರದಿ ಹೋಯಿತು. ನನ್ನ ಅರ್ಜಿ ಅಲ್ಲಿಗೇ ನಿಂತಿತು.

ಅದು ಗೊತ್ತಾಗಿದ್ದು ಒಂದು ವಾರದ ಮೇಲೆ, ಮೊಬೈಲ್‌ನಲ್ಲಿ ಸ್ಟೇಟಸ್ ನೋಡಿದಾಗ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅತ್ತೆ ಫೋನ್ ಮಾಡಿ, ನನ್ನಿಂದ ಹಿಂಗಾತಲ್ಲ ಅಂತ ಅತ್ತರು. ನಾನು ಮೊದಲೇ ಹೇಳಿಡಬೇಕಿತ್ತು, ತಪ್ಪು ನನ್ನದೇ. ಮಗನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಅಲ್ಲೇ ಉಳಿದೆ. ಠಾಣೆಗೆ ಹೋಗಿ ಆಧಾರ್, ಪಾಸ್‌ಪೋರ್ಟಿನಲ್ಲಿ ಬಂದಿಳಿದ ಮುದ್ರೆ, ಶಾಲೆಯ ಪತ್ರ ತೋರಿಸಿ ವಿವರಿಸಿದೆ. ಮತ್ತೆ ವಿಚಾರಣೆಯಾಗಿ ಸರ್ಟಿಫಿಕೇಟ್ ಕೈಗೆ ಬರಲು ಇನ್ನೂ ಹನ್ನೆರಡು ದಿನ. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟಿನ ವಿಳಾಸದಲ್ಲೇ ಇರಿ. ಮನೆಯ ಹಿರಿಯರಿಗೂ ಅಕ್ಕಪಕ್ಕದವರಿಗೂ ವಿಷಯ ತಿಳಿಸಿಡಿ. ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲೂ ಈ ಸರ್ಟಿಫಿಕೇಟಿಗೆ ಅರ್ಜಿ ಹಾಕಬಹುದು, ಬ್ಯಾಂಕಾಕ್‌ನಲ್ಲಿ ಆ ಅವಕಾಶ ಇದೆ. ನಾನು ಹೊರಡುವ ಮುಂಚೆಯೇ ಅಲ್ಲಿ ಹಾಕಿದ್ದರೆ ಈ ಕಷ್ಟ ಇರುತ್ತಿರಲಿಲ್ಲ.

ಅಷ್ಟರಲ್ಲಿ ಯುಗಾದಿ ಬಂದು ಹೋಯಿತು. ಏಳು ವರ್ಷದ ಮೇಲೆ ಹರಿಹರದ ಮನೆಯಲ್ಲಿ ಬೇವು ಬೆಲ್ಲ ತಿಂದೆ.

ಡಿಗ್ರಿ ಸರ್ಟಿಫಿಕೇಟ್ ಬಂತಲ್ಲ, ಅದರಲ್ಲಿ ಹೆಸರಿನ ತೊಡಕು ಎದ್ದಿತು. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ ಬರೆದಿದೆ. ನಮಗೆ ಇದು ಒಂದೇ ಅಂತ ಗೊತ್ತು. ಥಾಯ್ ಅಧಿಕಾರಿಗೆ ಇವು ಇಬ್ಬರು ಹೆಂಗಸರು. ಕೋರ್ಟಿನ ಹತ್ತಿರ ನೋಟರಿಯ ಬಳಿ ಹೋಗಿ 100 ರೂಪಾಯಿ ಸ್ಟಾಂಪ್ ಕಾಗದದ ಮೇಲೆ, ಈ ಎರಡೂ ಹೆಸರು ನನ್ನವೇ ಅಂತ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿದೆ. ಎರಡು ಪ್ರತಿ ಮಾಡಿಸಿಕೊಳ್ಳಿ. ಒಂದು ವೀಸಾಕ್ಕೆ ಬಳಸಿದೆ, ಇನ್ನೊಂದು ಇಲ್ಲಿ ಕಾರ್ಮಿಕ ಇಲಾಖೆಯವರು ಕೇಳಿದರು.

ನಂತರ ದೃಢೀಕರಣ. ನನಗೆ ದುಡ್ಡೂ ದಿನವೂ ಹೆಚ್ಚು ಹೋಗಿದ್ದು ಇಲ್ಲಿ. ಹೊರದೇಶಕ್ಕೆ ಕಾಗದ ಒಯ್ಯುವಾಗ ಎರಡು ದಾರಿಗಳಿವೆ. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪೋಸ್ಟಿಲ್ ಅನ್ನೋ ಒಂದು ಚೀಟಿ ಅಂಟಿಸಿದರೆ ಮುಗಿಯಿತು. ಭಾರತ 2005ರಿಂದ ಅದರಲ್ಲಿದೆ. ಆದರೆ ನಾನು ಓಡಾಡಿದ 2025ರ ಬೇಸಿಗೆಯಲ್ಲಿ ಥಾಯ್ಲೆಂಡ್ ಇರಲಿಲ್ಲ. ಅಂಥ ದೇಶಕ್ಕಾದರೆ ಮೊದಲು ನಮ್ಮ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಆ ದೇಶದ ದೂತಾವಾಸದ್ದು. ನಾನು ಇದನ್ನೆಲ್ಲ ಒಬ್ಬ ಏಜೆಂಟರಿಗೆ ವಹಿಸಿದೆ. ಜನಶತಾಬ್ದಿಯಲ್ಲಿ ಬೆಂಗಳೂರಿಗೆ ಹೋಗಿ ಅಸಲು ಕೊಟ್ಟು ಬಂದೆ. ಥಾಯ್ಲೆಂಡ್ ಅಂತ ಬಾಯಲ್ಲಿ ಹೇಳಿದ್ದೆ, ಬರೆದು ಕೊಟ್ಟಿರಲಿಲ್ಲ. ಹತ್ತು ದಿನದ ಮೇಲೆ ಕೊರಿಯರ್‌ನಲ್ಲಿ ಬಂದಾಗ ಹಿಂಬದಿಯಲ್ಲಿ ಅಪೋಸ್ಟಿಲ್ ಚೀಟಿ ಇತ್ತು. ಏನೂ ಉಪಯೋಗವಿಲ್ಲ.

ಫೋನ್ ಮಾಡಿದರೆ, ಎಲ್ಲರೂ ಇದನ್ನೇ ಮಾಡಿಸೋದು ಮೇಡಂ ಅಂದರು. ಮತ್ತೆ ಹೋದೆ. ಮತ್ತೆ ದುಡ್ಡು. ಎರಡೂ ಸಲದ ಏಜೆಂಟರ ಖರ್ಚು, ಬೆಂಗಳೂರಿನ ಓಡಾಟ, ಕೊರಿಯರ್ ಎಲ್ಲ ಸೇರಿ ಹದಿನಾರು ಸಾವಿರ ದಾಟಿತು. ಮೊದಲೇ ಸರಿಯಾಗಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಇದರ ಮೇಲೆ ರಜೆಗಳು. ಏಪ್ರಿಲ್ 13ರಿಂದ ಥಾಯ್‌ಗಳ ಹೊಸ ವರ್ಷ ಸೋಂಗ್‌ಕ್ರಾನ್, ಅವರ ಕಚೇರಿಗಳಿಗೆ ರಜೆ. 10ಕ್ಕೆ ಮಹಾವೀರ ಜಯಂತಿ, 14ಕ್ಕೆ ಅಂಬೇಡ್ಕರ್ ಜಯಂತಿ, 18ಕ್ಕೆ ಗುಡ್ ಫ್ರೈಡೇ, ನಮ್ಮ ಕಚೇರಿಗಳಿಗೆ ರಜೆ. ಆ ಬಿಸಿಲಿನಲ್ಲಿ ಕ್ಯಾಲೆಂಡರ್ ನೋಡುತ್ತಾ ಕೂತಿರುತ್ತಿದ್ದೆ. ಶಾಲೆ ಶುರುವಾಗೋದು ಮೇ 16ಕ್ಕೆ. ಪ್ರಿನ್ಸಿಪಾಲರಿಗೆ ಪ್ರತಿ ಸೋಮವಾರ ಇಮೇಲ್ ಬರೆದು, ಎಲ್ಲಿಗೆ ಬಂತು ಅಂತ ತಿಳಿಸುತ್ತಿದ್ದೆ. ಇದನ್ನು ನೀವೂ ತಪ್ಪದೆ ಮಾಡಿ. ಸುಮ್ಮನಾದರೆ ಬರೋದಿಲ್ಲ ಅಂದುಕೊಂಡು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಇನ್ನೊಂದು, ಎಲ್ಲ ಶಾಲೆಗಳೂ ಪೂರ್ತಿ ದೃಢೀಕರಣ ಕೇಳೋದಿಲ್ಲ. ನಿಮ್ಮ ಶಾಲೆಗೆ ಯಾವ ಕಾಗದದ ಮೇಲೆ ಯಾರ ಮುದ್ರೆ ಬೇಕು ಅಂತ ಬರವಣಿಗೆಯಲ್ಲಿ ಕೇಳಿಕೊಂಡು, ಆ ಇಮೇಲನ್ನೇ ಪ್ರಿಂಟ್ ತೆಗೆದು ಏಜೆಂಟರ ಕೈಗೆ ಕೊಡಿ.

ವೀಸಾ ಅರ್ಜಿ ಈಗ ಆನ್‌ಲೈನ್. 2025ರ ಜನವರಿಯಿಂದ ಥಾಯ್ ಇ-ವೀಸಾ ಶುರುವಾಗಿದೆ. ಕರ್ನಾಟಕದವರ ಅರ್ಜಿ ಚೆನ್ನೈನ ಥಾಯ್ ದೂತಾವಾಸಕ್ಕೆ ಹೋಗುತ್ತದೆ, ನಾವು ಚೆನ್ನೈಗೆ ಹೋಗಬೇಕಿಲ್ಲ. ಶಾಲೆಯ ನೇಮಕ ಪತ್ರ, ಪ್ರಾಂತ್ಯದ ಶಿಕ್ಷಣ ಕಚೇರಿಯ ಪತ್ರ, ಕಾರ್ಮಿಕ ಇಲಾಖೆಯ ಒಪ್ಪಿಗೆ, ಶಾಲೆಯ ಲೈಸೆನ್ಸ್, ಇವನ್ನೆಲ್ಲ ಶಾಲೆಯವರು ಕಳಿಸಿದರು. ನಾನು ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಕಿದ್ದೆ. ಒಂದರಲ್ಲಿ ಅಂಚಿನ ಮುದ್ರೆ ಕಟ್ ಆಗಿತ್ತು, ಮತ್ತೆ ಹಾಕಿ ಅಂತ ಬಂತು. ಅದಕ್ಕೆ ನಾಲ್ಕು ದಿನ ಹೋಯಿತು. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದರೆ ಇಪ್ಪತ್ತು ರೂಪಾಯಿ ಆಗುತ್ತಿತ್ತು ಅಷ್ಟೇ.

ಮೇ 20ಕ್ಕೆ ವೀಸಾ ಬಂತು. ಇಮೇಲ್ ಬಂದಾಗ ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡರು. ಅಪ್ಪ ಹೊರಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಮೂರು ದಿನದ ಮೇಲೆ ಹೊರಟೆ. ಈಗ ಥಾಯ್ಲೆಂಡ್‌ಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ನಕಲಿ.

ಬಂದ ಕೂಡಲೇ ಪಾಠ ಶುರು ಅಂದುಕೊಂಡಿದ್ದೆ. ನಾನ್-ಬಿ ಬಂದ ಮಾತ್ರಕ್ಕೆ ಕೆಲಸ ಮಾಡುವ ಹಾಗಿಲ್ಲ, ವರ್ಕ್ ಪರ್ಮಿಟ್ ಕೈಗೆ ಬರಬೇಕು. ಆಸ್ಪತ್ರೆಯಲ್ಲಿ ಮೆಡಿಕಲ್ ಮಾಡಿಸಿದೆ. ಕ್ಷಯ, ಕುಷ್ಠ, ಆನೆಕಾಲು ರೋಗ, ಸಿಫಿಲಿಸ್, ಮಾದಕ ವಸ್ತು, ಕುಡಿತದ ಚಟ ಇಲ್ಲ ಅಂತ ಡಾಕ್ಟರ್ ಬರೆದು ಕೊಡಬೇಕು. ವರ್ಕ್ ಪರ್ಮಿಟಿಗೆ ಒಂದು ವರ್ಷಕ್ಕೆ 3,000 ಬಾತ್, ಅರ್ಜಿಗೆ 100. ನನ್ನದನ್ನು ಶಾಲೆಯೇ ಕಟ್ಟಿತು, ಕೆಲವು ಶಾಲೆಗಳು ಸಂಬಳದಲ್ಲಿ ಹಿಡಿಯುತ್ತವೆ. ಸಹಿ ಮಾಡುವ ಮುಂಚೆ ಕೇಳಿ. ನನ್ನ ತರಗತಿಯ ಮಕ್ಕಳು ಇನ್ನೊಬ್ಬರ ಕೈಯಲ್ಲಿ ಕಲಿಯುತ್ತಿದ್ದರು. ನಾನು ಮನೆಯಲ್ಲಿ ಚಿತ್ರದ ಕಾರ್ಡ್ ಕತ್ತರಿಸುತ್ತಾ ಕೂತಿದ್ದೆ. ಜೂನ್ 13ಕ್ಕೆ ವರ್ಕ್ ಪರ್ಮಿಟಿನ ಆ ನೀಲಿ ಪುಸ್ತಕ ಬಂತು. ಪಾಸ್‌ಬುಕ್ಕಿನಷ್ಟು ದೊಡ್ಡದು, ಒಳಗೆ ನನ್ನ ಫೋಟೋ, ಥಾಯ್ ಅಕ್ಷರದಲ್ಲಿ ನನ್ನ ಹೆಸರು. ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಸೋಮವಾರ ಮೊದಲ ಪಾಠ. 38 ಮಕ್ಕಳು. ಅವರ ಮುಂದೆ ನಿಂತಾಗ, ಇಷ್ಟು ದಿನ ನನ್ನನ್ನು ಕಾಡಿದ ಪ್ರಶ್ನೆಗೆ ನನಗೇ ಉತ್ತರ ಸಿಕ್ಕಿತು. ಇಂಗ್ಲಿಷ್ ನನ್ನ ತಾಯಿಮಾತಲ್ಲ, ನಾನು ಕಲಿಸಬಹುದಾ ಅನ್ನೋದೇ ಆ ಪ್ರಶ್ನೆ. ನಮ್ಮ ಊರಲ್ಲಿ ಇಂಗ್ಲಿಷ್ ಪದದ ಕೊನೆಗೆ ಒಂದು ಸ್ವರ ಸೇರಿಸುತ್ತೇವೆ. ಬಸ್ಸು, ಸ್ಕೂಲು, ಕಾರು. ಥಾಯ್ ಮಕ್ಕಳು ತಿರುಗಾಮುರುಗಾ. ಅವರ ಭಾಷೆಯಲ್ಲಿ ಪದದ ಕೊನೆಗೆ ಸ ಅಥವಾ ಲ ಶಬ್ದ ನಿಲ್ಲೋದಿಲ್ಲ. ಬಸ್ ಅನ್ನೋದು ಬಟ್ ಆಗುತ್ತದೆ, ಸ್ಕೂಲ್ ಅನ್ನೋದು ಸಕೂನ್ ಆಗುತ್ತದೆ, ಆಪಲ್ ಅನ್ನೋದು ಆಪ್ಪೆನ್. ನಾನೂ ಚಿಕ್ಕವಳಿದ್ದಾಗ ಇಸ್ಕೂಲು ಅಂದು, ಅದನ್ನು ತಿದ್ದಿಕೊಂಡು ಬಂದವಳು. ನಾಲಿಗೆ ಎಲ್ಲಿ ತಡೆಯುತ್ತದೆ, ಅದನ್ನು ಹೇಗೆ ಬಿಡಿಸಬೇಕು ಅಂತ ನನಗೆ ನೆನಪಿದೆ. ಸೈಕಲ್ ಚಕ್ರದ ಗಾಳಿ ಬಿಟ್ಟಂತೆ ಸ್ಸ್ಸ್ ಅನ್ನಿಸಿದೆ. ಲ ಅನ್ನುವಾಗ ನಾಲಿಗೆ ತುದಿ ಹಲ್ಲಿನ ಹಿಂದೆ ಇಟ್ಟು ಹಾಗೇ ಹಿಡಿದು ಮೂರು ಎಣಿಸಿ ಅಂದೆ. ಕನ್ನಡಿ ಕೊಟ್ಟೆ. ತರಗತಿ ತುಂಬಾ ಹಾವಿನ ಬುಸುಗುಟ್ಟುವ ಸದ್ದು. ಮೂರನೇ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಬಸ್ ಅಂತ ಪೂರ್ತಿ ಹೇಳಿ, ಸರಿಯಾ ಅಂತ ನನ್ನ ಮುಖ ನೋಡಿದ.

ಅದೇ ವಾರದ ಗುರುವಾರ ವಾಯ್ ಕ್ರೂ ಇತ್ತು, ಅಂದರೆ ಗುರುವಂದನೆ. ಇಲ್ಲೂ ಅದಕ್ಕೆ ಗುರುವಾರವೇ ಒಳ್ಳೆಯ ದಿನ. ಮಕ್ಕಳು ಬಾಳೆ ಎಲೆಯಲ್ಲಿ ಹೂವು ಕಟ್ಟಿ ತಂದು, ಮೊಣಕಾಲಲ್ಲಿ ತೆವಳುತ್ತಾ ಬಂದು ಟೀಚರ್‌ಗಳಿಗೆ ಕೊಡುತ್ತಾರೆ. ನಾನು ನಾಲ್ಕು ದಿನದ ಟೀಚರ್, ಕೊನೆಯ ಕುರ್ಚಿಯಲ್ಲಿ ಕೂತಿದ್ದೆ. ನನಗೂ ಕೊಟ್ಟರು. ಅದರಲ್ಲಿ ಕೇಪಳದ ಹೂವು, ಬದನೆ ಹೂವು, ಜೊತೆಗೆ ಗರಿಕೆ. ನಾವು ಗಣಪತಿಗೆ ಏರಿಸುವ ಅದೇ ಗರಿಕೆ. ಎಲ್ಲಿ ಬಿದ್ದರೂ ಚಿಗುರುತ್ತದಲ್ಲ, ಕಲಿಕೆ ಹಾಗೆ ಹಬ್ಬಲಿ ಅಂತ ಇಡುತ್ತಾರಂತೆ. ಬದನೆ ಹೂವು ನೆಲಕ್ಕೆ ಬಾಗುತ್ತದೆ, ಅದು ವಿನಯಕ್ಕೆ. ಪಕ್ಕದ ಟೀಚರ್ ಇದನ್ನೆಲ್ಲ ಹೇಳುತ್ತಿದ್ದರು. ನನಗೆ ಗಂಟಲು ಕಟ್ಟಿ ತಲೆಯಾಡಿಸಿದೆ ಅಷ್ಟೇ.

ಉಳಿದಿದ್ದನ್ನು ಬೇಗ ಹೇಳುತ್ತೇನೆ. ಕುರುಸಪಾದ ಅನುಮತಿ ಪತ್ರ ಆಗಸ್ಟ್‌ನಲ್ಲಿ ಬಂತು. ಇಲ್ಲಿನ ಶಿಕ್ಷಕರ ಲೈಸೆನ್ಸ್ ಇಲ್ಲದವರಿಗೆ ಎರಡು ವರ್ಷಕ್ಕೆ ಕೊಡುವ ತಾತ್ಕಾಲಿಕ ಅನುಮತಿ ಅದು, ಅರ್ಜಿಯನ್ನು ಶಾಲೆಯೇ ಹಾಕುತ್ತದೆ. ಅದನ್ನೂ ವರ್ಕ್ ಪರ್ಮಿಟನ್ನೂ ಒಯ್ದು, 90 ದಿನ ಮುಗಿಯುವ ಮುಂಚೆ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿದೆ. ನಾನು ಬಂದಿಳಿದ ಬಗ್ಗೆ ಮನೆ ಮಾಲೀಕರು ಕೊಡಬೇಕಾದ ಟಿಎಂ-30 ಅನ್ನೋ ಮಾಹಿತಿಯ ರಸೀದಿಯನ್ನು ಕಚೇರಿಯವರು ಕೇಳಿದರು. ಮಾಲೀಕರು ಅದನ್ನು ಮೇ ತಿಂಗಳಲ್ಲೇ ಕೊಟ್ಟಿದ್ದರು, ಫೋಟೋ ನನ್ನ ಮೊಬೈಲ್‌ನಲ್ಲಿತ್ತು. ಮಧ್ಯಾಹ್ನ ಮೂರಕ್ಕೆ ಮುದ್ರೆ ಬಿತ್ತು.

ಸಂಜೆ ಮನೆಗೆ ಫೋನ್ ಮಾಡಿದೆ. ಅಪ್ಪ ಮೊದಲು ಕೇಳಿದ್ದು ಅಸಲು ಎಲ್ಲಿಟ್ಟೀ ಅಂತ. ಕಬ್ಬಿಣದ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಅಂದೆ. ಒಂದು ಜೆರಾಕ್ಸ್ ಅವರ ಪೆಟ್ಟಿಗೆಯಲ್ಲೂ ಇದೆ, ನಾನು ಬರುವಾಗಲೇ ಇಟ್ಟು ಬಂದಿದ್ದೇನೆ.